ವಿಜ್ಞಾನಕ್ಕೆ ನಮ್ಮ ಸಂಘದಲ್ಲಿ ಜಾಗವಿಲ್ಲವೇ?

ನಮ್ಮ ಸಂಘಗಳಲ್ಲಿ ಯಕ್ಷಗಾನಕ್ಕೆ ಜಾಗವಿದೆ, ನಾಟಕಕ್ಕಿದೆ, ಅರಸಿನ-ಕುಂಕುಮಕ್ಕೂ ಇದೆ. ಇರಲಿ, ಬೇಡವೆನ್ನುವವರು ನಾವಲ್ಲ. ಆದರೆ ವಿಜ್ಞಾನದ ಮಾತೆತ್ತಿದೊಡನೆ, "ಅದೆಲ್ಲ ಇಂಗ್ಲಿಷಿನಲ್ಲೇ ಸರಿ, ಕನ್ನಡದಲ್ಲಿ ಯಾರಿಗೆ ಬೇಕು?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಮಾತನ್ನು ನಾವು ಒಪ್ಪುವುದಿಲ್ಲ.

ನಮ್ಮೂರಿನದೇ ಒಂದು ಉದಾಹರಣೆ ನೋಡೋಣ. ಕೊಲಾಬಾದ ಕಡಲಂಚಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿದೆ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಮುಖ್ಯ ಕ್ಷ-ಕಿರಣ ಉಪಕರಣಗಳು ಸಿದ್ಧವಾದದ್ದು ಈ ಸಂಸ್ಥೆಯಲ್ಲಿ. ಅವುಗಳಲ್ಲೊಂದಾದ ಲ್ಯಾಕ್ಸ್‌ಪಿಸಿ, ಕ್ಷ-ಕಿರಣದ ಒಂದೊಂದು ಕಣ ಬಂದ ವೇಳೆಯನ್ನೂ ಸೆಕೆಂಡಿನ ಲಕ್ಷದಲ್ಲೊಂದು ಪಾಲಿನಷ್ಟು ನಿಖರವಾಗಿ ಗುರುತಿಸಬಲ್ಲದು.

ಇಷ್ಟು ನಿಖರತೆ ಏಕೆ? ಭಾರಿ ನಕ್ಷತ್ರವೊಂದು ಸಿಡಿದಾಗ ಅದರ ತಿರುಳು ಕುಸಿದು ನ್ಯೂಟ್ರಾನ್ ನಕ್ಷತ್ರವಾಗುತ್ತದೆ. ತೂಕ ಸೂರ್ಯನಿಗಿಂತ ಹೆಚ್ಚು. ಅಡ್ಡಳತೆ ಚರ್ಚ್‌ಗೇಟಿನಿಂದ ಅಂಧೇರಿಯಷ್ಟು! ಇದಕ್ಕೆ ತೀರ ಹತ್ತಿರದಲ್ಲಿ ಜೊತೆಗಾರ ನಕ್ಷತ್ರವೊಂದಿದ್ದರೆ, ಅದರ ಅನಿಲ ಇದರ ಮೇಲೆ ಬಿದ್ದು, ಕೋಟಿಗಟ್ಟಲೆ ಡಿಗ್ರಿ ಕಾದು ಕ್ಷ-ಕಿರಣ ಸೂಸುತ್ತದೆ. ನಕ್ಷತ್ರ ತಿರುಗಿದಂತೆ ಆ ಕಿರಣ ದೀಪಸ್ತಂಭದ ಬೆಳಕಿನಂತೆ ಬಂದು ಹೋಗುತ್ತದೆ. ಇದೇ ಪಲ್ಸಾರ್. ಸೆಂಟಾರಸ್ ಎಕ್ಸ್-3 ಎಂಬುದು 4.8 ಸೆಕೆಂಡಿಗೊಮ್ಮೆ ಮಿಡಿಯುತ್ತ, ಸುಮಾರು 2.1 ದಿನಕ್ಕೊಮ್ಮೆ ಜೊತೆಗಾರನನ್ನು ಸುತ್ತುತ್ತದೆ. ಈ ಮಿಡಿತವನ್ನು 1971ರಲ್ಲಿ ಕಂಡದ್ದು ಉಹುರು ಉಪಗ್ರಹ. ಪಲ್ಸಾರ್ ನಮ್ಮತ್ತ ಬರುವಾಗ ಮಿಡಿತಗಳು ಬೇಗ ಬೇಗ ತಲುಪುತ್ತವೆ, ದೂರ ಸರಿಯುವಾಗ ತಡವಾಗುತ್ತವೆ. ಈ ಲೆಕ್ಕದಿಂದಲೇ ಅದರ ಕಕ್ಷೆಯನ್ನು ಅಳೆಯುತ್ತಾರೆ. ಭಾರಿ ನಕ್ಷತ್ರಗಳು ಸೂರ್ಯನಂತೆ ಸಾವಿರ ಕೋಟಿ ವರ್ಷ ಬಾಳುವುದಿಲ್ಲ. ಅಂಥ ಜೊತೆಗಾರ ಇನ್ನೂ ಉರಿಯುತ್ತಿರುವುದರಿಂದ ಈ ಪಲ್ಸಾರ್ ಎಳೆಯದೆಂದು ತಿಳಿಯುತ್ತದೆ.

ಇಷ್ಟನ್ನು ಹೇಳುವಲ್ಲಿ ಕನ್ನಡ ಎಲ್ಲಿ ಸೋತಿತು? ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಬರೆದದ್ದು ಯಾವ ಭಾಷೆಯಲ್ಲಿ?

ಈ ವಿದ್ಯೆ ನಮ್ಮವರಿಗೆ ಹೊರಗಿನದೂ ಅಲ್ಲ. 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟದಲ್ಲಿಯೇ ಕ್ಷ-ಕಿರಣ ಉಪಕರಣವಿತ್ತು. ವಿದ್ಯುತ್ ಕೆಟ್ಟು ಕೆಲವೇ ದಿನಗಳಲ್ಲಿ ಪ್ರಯೋಗ ನಿಂತಿತು, ನಿಜ. ಆದರೆ ಅದನ್ನು ಪೀಣ್ಯದಲ್ಲಿ ಕಟ್ಟಿಸಿದ ಮುಂದಾಳು ಉಡುಪಿ ಜಿಲ್ಲೆಯ ಅದಮಾರಿನ ಯು.ಆರ್. ರಾವ್. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್‌ನ ಪೋಲಿಕ್ಸ್ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯದು.

"ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಜುಟ್ಟಿಗೆ ಮಲ್ಲಿಗೆ ಏಕೆ?" ಎನ್ನುವ ಹಿರಿಯರೂ ಇದ್ದಾರೆ. ಬಿ.ಎಸ್ಸಿ. ಓದಿ ಸರ್ಕಾರಿ ಕಚೇರಿಗಳಲ್ಲಿ ಫೈಲು ಹೊರುವ ನಮ್ಮಂಥವರಿಗೆ ಹಿಟ್ಟಿನ ಬೆಲೆ ಗೊತ್ತು. ಆದರೆ ಕನ್ನಡವೆಂದರೆ ಅಡುಗೆಮನೆಗೆ, ಹಬ್ಬಕ್ಕೆ. ತಿಳಿವಳಿಕೆಯೆಂದರೆ ಇಂಗ್ಲಿಷಿಗೆ ಎಂದು ನಮ್ಮ ಮಕ್ಕಳು ಈಗಾಗಲೇ ತೀರ್ಮಾನಿಸಿಬಿಟ್ಟಿದ್ದಾರೆ. ಈ ಪಾಠವನ್ನು ಅವರಿಗೆ ಶಾಲೆ ಕಲಿಸಲಿಲ್ಲ. ನಮ್ಮ ಕಾರ್ಯಕ್ರಮ ಪಟ್ಟಿಗಳು ಕಲಿಸಿದವು. ಅಂಥ ಮಕ್ಕಳು ನಾಳೆ ಸಂಘದ ಮೆಟ್ಟಿಲು ಹತ್ತುವುದಾದರೂ ಏಕೆ?

ನಾವು ಕೇಳುವುದು ಹೆಚ್ಚಿನದೇನಲ್ಲ. ರಾಜ್ಯೋತ್ಸವದಲ್ಲಿ ಒಂದು ಗಂಟೆ, ಈ ಪತ್ರಿಕೆಯಲ್ಲಿ ತಿಂಗಳಿಗೊಂದು ಪುಟ, ಮಕ್ಕಳಿಗೆ ವರ್ಷಕ್ಕೊಂದು ವಿಜ್ಞಾನ ಪ್ರಬಂಧ ಸ್ಪರ್ಧೆ. ಕನ್ನಡ ಬಲ್ಲ ವಿಜ್ಞಾನಿಯೊಬ್ಬರನ್ನು ಕರೆಸಿ, ಶಾಲು ಹೊದಿಸಿ ಕಳುಹಿಸದೆ ಮಾತನಾಡಲು ಬಿಡಿ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ.