ದುಡ್ಡು ಕಟ್ಟಿಸಿಕೊಂಡವರು ಫೋನು ಎತ್ತುವುದು ಬೇಡವೇ?

ಕಳೆದ ಮಳೆಗಾಲದಲ್ಲಿ ಸೊರಬ ತಾಲೂಕಿನ ಆನವಟ್ಟಿ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಬಿಸಿಎ ಮುಗಿಸಿ ಕೆಲಸ ಹುಡುಕುತ್ತಿರುವವನು. "ಕಾಕ, ಪರೀಕ್ಷೆ ಅರ್ಧಕ್ಕೇ ನಿಂತುಹೋಯ್ತು. ದುಡ್ಡೂ ಹೋಯ್ತು. ಯಾರಿಗೆ ಹೇಳೋದು ಅಂತಾನೇ ಗೊತ್ತಾಗ್ತಾ ಇಲ್ಲ" ಎಂದ. ಕ್ಲೌಡ್ ಕಂಪ್ಯೂಟಿಂಗ್ ಸರ್ಟಿಫಿಕೇಟ್ ಪರೀಕ್ಷೆಯನ್ನು ಮನೆಯಲ್ಲೇ ಕೂತು ಬರೆಯುತ್ತಿದ್ದ. ನಲ್ವತ್ತನೇ ನಿಮಿಷಕ್ಕೆ ಕರೆಂಟು ಹೋಯಿತು, ವೈಫೈ ಹೋಯಿತು. ಮೊಬೈಲ್ ನೆಟ್ ಹಾಕಿಕೊಂಡು ಮರಳುವಷ್ಟರಲ್ಲಿ ಪರೀಕ್ಷೆ ಮುಚ್ಚಿತ್ತು. ಶುಲ್ಕ ಸೌದಿಯಲ್ಲಿರುವ ಅಣ್ಣ ಕಳಿಸಿದ್ದು.

ಆಮೇಲಿನ ಕಥೆ ಇನ್ನೂ ದೊಡ್ಡದು. ಚಾಟ್‌ನಲ್ಲಿ ಎರಡು ಗಂಟೆ ಕಾದ ಮೇಲೆ ಒಂದು ಕೇಸ್ ನಂಬರ್ ಸಿಕ್ಕಿತು. ವಾರ ಕಳೆದು ಪರೀಕ್ಷೆ ನಡೆಸಿದವರ ಉತ್ತರ ಬಂತು: ಸರ್ಟಿಫಿಕೇಟ್ ಕೊಡುವ ಕಂಪೆನಿಯನ್ನು ಕೇಳಿ. ಆ ಕಂಪೆನಿ ಹೇಳಿತು: ಪರೀಕ್ಷೆ ನಡೆಸಿದವರನ್ನು ಕೇಳಿ. ಮೂರನೇ ಸಲ ಬರೆದಾಗ, ಮೊದಲ ಸಲ ಬಂದ ಮೇಲ್ ಒಂದಕ್ಷರವೂ ಬದಲಾಗದೆ ಮತ್ತೆ ಬಂತು.

ಇಂಥ ಸರ್ಟಿಫಿಕೇಟುಗಳ ವ್ಯವಸ್ಥೆಯೇ ಹಾಗಿದೆ. ಮೈಕ್ರೋಸಾಫ್ಟ್, ಅಮೆಜಾನ್, ಸಿಸ್ಕೋದಂಥ ಕಂಪೆನಿಗಳು ಸರ್ಟಿಫಿಕೇಟ್ ಕೊಡುತ್ತವೆ. ಪರೀಕ್ಷೆ ನಡೆಸುವ ಗುತ್ತಿಗೆ ಬೇರೆ ಸಂಸ್ಥೆಯದು. ಮನೆಯಲ್ಲಿ ಬರೆಯುವವರು ಕೋಣೆಯ ನಾಲ್ಕೂ ಕಡೆಯ ಫೋಟೋ ತೆಗೆದು ಕಳಿಸಬೇಕು. ಒಳಗೆ ಬೇರೆ ಯಾರೂ ಬರಕೂಡದು, ಅನುಮತಿ ಇಲ್ಲದೆ ಕ್ಯಾಮೆರಾದ ಎದುರಿನಿಂದ ಏಳಕೂಡದು. ಕಳ್ಳತನ ತಡೆಯಲು ಈ ಬಿಗಿ ಬೇಕೇ ಬೇಕು, ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ಅಭ್ಯರ್ಥಿಯ ಮೇಲೆ ಇಷ್ಟು ಕಣ್ಣಿಡಬಲ್ಲವರಿಗೆ, ಅವನ ಸಂಪರ್ಕ ಕಡಿದದ್ದು ಎಷ್ಟು ಗಂಟೆಗೆ ಎಂಬುದೂ ಗೊತ್ತಿರುತ್ತದೆ. ಕರೆಂಟು ಹೋದದ್ದು ಅವನ ತಪ್ಪಲ್ಲ ಎಂದು ತಿಳಿದರೆ ಇನ್ನೊಂದು ದಿನಾಂಕ ಕೊಡಲು ಏನು ಕಷ್ಟ?

ದುಡ್ಡಿನ ಲೆಕ್ಕ ನೋಡಿ. ಅಮೆಜಾನ್‌ನ ಅಸೋಸಿಯೇಟ್ ಮಟ್ಟದ ಪರೀಕ್ಷೆಗೆ 150 ಡಾಲರ್, ಸಿಸ್ಕೋದ ಸಿಸಿಎನ್ಎಗೆ 300 ಡಾಲರ್. 150 ಡಾಲರಿಗೆ ತೆರಿಗೆ ಸೇರಿದರೆ ಸುಮಾರು ಹದಿನೈದು ಸಾವಿರ ರೂಪಾಯಿ. ನಮ್ಮ ಶಿವಮೊಗ್ಗದಲ್ಲೇ 2024ರ ಜನವರಿ 12ರಂದು ಆರಂಭವಾದ ಯುವನಿಧಿಯಲ್ಲಿ ಕೆಲಸವಿಲ್ಲದ ಪದವೀಧರರಿಗೆ ತಿಂಗಳಿಗೆ ಸಿಗುವುದು 3,000 ರೂಪಾಯಿ. ಅಂದರೆ ಐದು ತಿಂಗಳ ಯುವನಿಧಿ ಒಂದು ಪವರ್ ಕಟ್‌ಗೆ ಹೋಯಿತು. ಕಂಪೆನಿಗೆ ಇದು ಸಣ್ಣ ಮೊತ್ತ, ಆನವಟ್ಟಿಯ ಮನೆಗಲ್ಲ.

ಹೆಸರಿನ ತೊಂದರೆಯಂತೂ ನಮ್ಮವರಿಗೆ ಹೇಳಿ ಮಾಡಿಸಿದ್ದು. ಶಿಕಾರಿಪುರದ ಶಿರಾಳಕೊಪ್ಪ ಕಡೆಯ ಒಬ್ಬ ಯುವಕ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಪರೀಕ್ಷಾ ಕೇಂದ್ರದ ಬಾಗಿಲಿನಿಂದಲೇ ವಾಪಸು ಬಂದ. ನೋಂದಣಿಯಲ್ಲಿ 'ಮೊಹಮ್ಮದ್' ಎಂದು ಪೂರ್ತಿ ಬರೆದಿದ್ದ; ಗುರುತಿನ ಚೀಟಿಯಲ್ಲಿ 'ಎಂಡಿ' ಎಂದಿತ್ತು. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಎಂಬುದೇ ಇಲ್ಲ. ಆಧಾರ್‌ನಲ್ಲಿ ಒಂದು, ಮಾರ್ಕ್ಸ್‌ಕಾರ್ಡಿನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು. ಫಾರಂ ಮಾತ್ರ ಮೊದಲ ಹೆಸರು, ಕೊನೆಯ ಹೆಸರು ಎರಡನ್ನೂ ಕೇಳುತ್ತದೆ. ಇದನ್ನು ವಿವರಿಸೋಣ ಎಂದರೆ ಆ ಕಡೆ ಕೇಳಲು ಮನುಷ್ಯರಿಲ್ಲ.

ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕಂಪೆನಿಯ ಕಚೇರಿ ಎಲ್ಲೇ ಇರಲಿ, ಗ್ರಾಹಕ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಶಿಕಾರಿಪುರ, ಸೊರಬದವರಿಗೆ ಅದು ಶಿವಮೊಗ್ಗ. ಐದು ಲಕ್ಷ ರೂಪಾಯಿವರೆಗಿನ ಸೇವೆಯ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೆ. 2020ರ ಇ-ಕಾಮರ್ಸ್ ನಿಯಮಗಳು, ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು ಎನ್ನುತ್ತವೆ. ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಶಾಲಾ ಪರೀಕ್ಷಾ ಮಂಡಳಿಗಳು ಗ್ರಾಹಕ ಕಾಯ್ದೆಯ ಅರ್ಥದಲ್ಲಿ ಸೇವೆ ಮಾರುವವರಲ್ಲ ಎಂದು ಬಿಹಾರದ ಪ್ರಕರಣವೊಂದರಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದುಂಟು. ಕಂಪೆನಿಗಳ ವಕೀಲರು ಅದನ್ನೇ ಮುಂದಿಟ್ಟರೆ ಆಶ್ಚರ್ಯವಿಲ್ಲ. ಆದರೆ ಅದು ಶಾಸನದ ಪ್ರಕಾರ ಕೆಲಸ ಮಾಡುವ ಸರಕಾರಿ ಮಂಡಳಿಯ ಮಾತು. ಡಾಲರ್ ಲೆಕ್ಕದಲ್ಲಿ ಪರೀಕ್ಷೆ ಮಾರುವ ಖಾಸಗಿ ಕಂಪೆನಿಯನ್ನು ಅದೇ ಸಾಲಿನಲ್ಲಿ ಕೂರಿಸುವುದು ನ್ಯಾಯವಲ್ಲ ಎಂಬುದು ನಮ್ಮ ನಿಲುವು.

ನಮ್ಮ ಕಡೆಯಿಂದಲೂ ಆಗಬೇಕಾದ ಕೆಲಸ ಇದೆ. ಶುಲ್ಕ ಕಟ್ಟುವ ಮೊದಲೇ ಹೆಸರನ್ನು ಗುರುತಿನ ಚೀಟಿಯಲ್ಲಿ ಇರುವ ಹಾಗೆಯೇ, ಒಂದಕ್ಷರ ಬಿಡದೆ ನೋಂದಾಯಿಸಿ. ಚೀಟಿಯ ಅಸಲು ಕೈಯಲ್ಲಿರಲಿ; ಜೆರಾಕ್ಸ್, ಮೊಬೈಲಿನ ಫೋಟೋ ನಡೆಯುವುದಿಲ್ಲ. ಚಾಟ್‌ನ ಸ್ಕ್ರೀನ್‌ಶಾಟ್, ಕೇಸ್ ನಂಬರ್, ಹಣ ಕಟ್ಟಿದ ರಸೀದಿ ಜೋಪಾನವಾಗಿಡಿ. ಕೆಲವು ಹುಡುಗರು ಕದ್ದ ಪ್ರಶ್ನೆಗಳ 'ಡಂಪ್' ಕೊಂಡು ಓದುವುದೂ ನಮಗೆ ಗೊತ್ತು. ಅದನ್ನು ಬಿಡಿ. ಕಳ್ಳದಾರಿ ಹಿಡಿದವರಿಂದಾಗಿಯೇ ಕಷ್ಟಪಟ್ಟು ಓದಿದವರ ಮೇಲೂ ಅನುಮಾನ ಬೀಳುತ್ತದೆ.

ಜಮಾಅತ್‌ಗಳೂ ಶಿಕ್ಷಣ ಟ್ರಸ್ಟ್‌ಗಳೂ ತಾಲೂಕಿಗೊಂದು ಸಣ್ಣ ಕೋಣೆ ಕೊಟ್ಟರೆ ಸಾಕು: ಬಾಗಿಲು ಹಾಕಲು ಬರಬೇಕು, ಯುಪಿಎಸ್ ಇರಬೇಕು, ನೆಟ್ ಸರಿ ಇರಬೇಕು. ಅದು ಎಲ್ಲ ಸಮುದಾಯದ ಮಕ್ಕಳಿಗೂ ತೆರೆದಿರಲಿ. ಗ್ರಾಮ ಪಂಚಾಯತ್‌ನ ಅರಿವು ಕೇಂದ್ರಗಳಲ್ಲಿ ಇಂಥ ಕೋಣೆ ಮಾಡಿಸುವಂತೆ ಶಾಸಕರನ್ನು ಕೇಳುವುದರಲ್ಲೂ ತಪ್ಪಿಲ್ಲ.

ಕಂಪೆನಿಗಳಿಂದ ನಾವು ಕೇಳುವುದು ರಿಯಾಯಿತಿಯಲ್ಲ. ಸಂಪರ್ಕ ಕಡಿದ ದಾಖಲೆ ಇದ್ದರೆ ಮತ್ತೊಮ್ಮೆ ಬರೆಯಲು ಬಿಡಲಿ. ಹೊಣೆ ಯಾರದು ಎಂದು ಮೊದಲೇ ಬರೆದು ತಿಳಿಸಲಿ. ಫೋನಿನಲ್ಲಿ ಒಬ್ಬ ಮನುಷ್ಯ ಸಿಗಲಿ, ಸಾಧ್ಯವಾದರೆ ಕನ್ನಡದಲ್ಲಿ. ಊರಿನ ಕಿರಾಣಿ ಅಂಗಡಿಯವನೂ ಕೊಟ್ಟ ಸಾಮಾನು ಕೆಟ್ಟಿದ್ದರೆ "ತನ್ನಿ, ನೋಡೋಣ" ಅನ್ನುತ್ತಾನೆ.

ಆನವಟ್ಟಿಯ ಹುಡುಗ 1915ಕ್ಕೆ ದೂರು ಕೊಟ್ಟಿದ್ದಾನೆ. ದುಡ್ಡು ವಾಪಸು ಬರುತ್ತದೋ ಇಲ್ಲವೋ ಹೇಳಲಾಗದು. ಇಂಥದ್ದೇ ಕೇಸ್ ನಂಬರ್ ಹಿಡಿದು ಸುಮ್ಮನೆ ಕೂತವರು ನಮ್ಮಲ್ಲಿ ಇನ್ನೂ ಇದ್ದರೆ, ಅವರೂ ಈ ವಾರ ಆ ಫೋನ್ ಮಾಡಲಿ.