ಆಪ್ಷನ್ ಎಂಟ್ರಿ ಮತ್ತು ಸೈಬರ್ ಸೆಂಟರ್

2025ರ ಮಳೆಗಾಲದಲ್ಲಿ ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮೂರು ಅರಸೀಕೆರೆ ಕಡೆ. ಇನ್ನೂ ಕಾಫಿ ಲೋಟ ಕೆಳಗಿಟ್ಟಿರಲಿಲ್ಲ, ಪಕ್ಕದ ಮನೆ ಅಣ್ಣ ಮಗಳನ್ನು ಕರ್ಕೊಂಡು ಬಂದ್ರು. ಕೈಯಲ್ಲಿ ಪ್ಲಾಸ್ಟಿಕ್ ಫೈಲು.

"ಸೀಟು ಬಂದೈತಂತೆ ಕಣಪ್ಪ, ಬೆಂಗ್ಳೂರಲ್ಲಿ. ನೀನಿರೋದು ಅಲ್ಲೇ ಅಲ್ವಾ, ಕಾಲೇಜು ಹೆಂಗೆ ನೋಡೇಳು."

ನೋಡಿದೆ. ಬೆಂಗಳೂರು ಅಂತ ಹೆಸರಿಗೆ ಅಷ್ಟೇ, ಊರಾಚೆ ಎಲ್ಲೋ ಇರುವ ಖಾಸಗಿ ಇಂಜಿನಿಯರಿಂಗ್ ಕಾಲೇಜು. ಸಮಾಧಾನದ ಸಂಗತಿ ಅಂದ್ರೆ ಅದು ನಿಜವಾದ ಸೀಟಲ್ಲ, ಅಣಕು ಹಂಚಿಕೆ. ಅಂದ್ರೆ "ನೀನು ಕೊಟ್ಟ ಪಟ್ಟಿ ಹೀಗೇ ಇದ್ದರೆ ನಿನಗೆ ಇದು ಸಿಗಬಹುದು" ಅಂತ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ತೋರಿಸುವ ಟ್ರಯಲ್ಲು. ಆಮೇಲೆ ಪಟ್ಟಿ ತಿದ್ದಲಿಕ್ಕೆ ಕೆಲವು ದಿನ ಕೊಡ್ತಾರೆ. ಈ ವಿಷಯ ಅಪ್ಪನಿಗೂ ಗೊತ್ತಿರಲಿಲ್ಲ, ಮಗಳಿಗೂ ಗೊತ್ತಿರಲಿಲ್ಲ. ಅಣ್ಣ ಆಗಲೇ ಹಾಸ್ಟೆಲ್ ದುಡ್ಡಿಗೆ ಕೊಬ್ಬರಿ ಮಾರೋ ಲೆಕ್ಕ ಹಾಕಿದ್ದರು!

"ಪಟ್ಟಿ ಯಾರು ಮಾಡಿದ್ದು?" ಅಂತ ಕೇಳಿದೆ.

"ಸೈಬರ್‌ನೋರು, ಮಾಮ. ಎಲ್ಲರಿಗೂ ಅವರೇ ಹಾಕ್ಕೊಟ್ರು."

ಎಲ್ಲರಿಗೂ ಅಂದ್ರೆ ಎಲ್ಲರಿಗೂ ಅದೇ ಪಟ್ಟಿ, ಅದೇ ಕ್ರಮ. ಹೆಸರು ಕೇಳಿದ ನಾಲ್ಕು ಕಾಲೇಜು ಮೇಲೆ, ಉಳಿದವು ಕೈಗೆ ಬಂದ ಹಾಗೆ. ಹಾಸನದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಎಲ್ಲೋ ತಳದಲ್ಲಿತ್ತು. "ಮೊದಲು ಬೇಡ ಅಂದ್ರು ಮಾಮ, ಅಲ್ಲಿ ಪ್ಲೇಸ್‌ಮೆಂಟ್ ಇಲ್ವಂತೆ." ಆಸೆಬುರುಕತನ ಮಾಡಿ ಸಿಗದ ಕಾಲೇಜನ್ನ ಮೇಲೆ ಹಾಕಿದ್ರೆ ಕೆಳಗಿರೋದೂ ಕೈತಪ್ಪುತ್ತೆ ಅನ್ನೋ ಭಯ ಬೇರೆ. ಹಾಗೇನಿಲ್ಲ. ನಿಮ್ಮ ಸರದಿ ಬಂದಾಗ ಕಂಪ್ಯೂಟರ್ರು ನಿಮ್ಮ ಪಟ್ಟಿಯನ್ನ ಮೇಲಿಂದ ಕೆಳಗೆ ಓದುತ್ತೆ, ಮೊದಲು ಖಾಲಿ ಸಿಕ್ಕಿದ್ದನ್ನ ಕೊಡುತ್ತೆ. ಸಿಗದ್ದು ಮೇಲಿದ್ದರೆ ನಷ್ಟವಿಲ್ಲ. ಬೇಡದ್ದು ಬೇಕಾದ್ದರ ಮೇಲೆ ಕೂತಿದ್ದರೆ ಮಾತ್ರ ಗ್ರಹಚಾರ. ಇಷ್ಟು ಸರಳ ಮಾತನ್ನ ಎರಡು ವರ್ಷದ ಪಿಯುಸಿಯಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ.

ಸೈಬರ್‌ನವನನ್ನ ಬೈಯಲಾರೆ. ಅವನು ಟೈಪ್ ಮಾಡಲಿಕ್ಕೆ ದುಡ್ಡು ತಗೊಂಡಿದ್ದಾನೆ, ಟೈಪ್ ಮಾಡಿದ್ದಾನೆ. ಅವಳು ಓದಿದ ಕಾಲೇಜಿನ ಮೇಷ್ಟ್ರುಗಳನ್ನೂ ಬೈಯೋಕೆ ಮನಸ್ಸು ಬರಲ್ಲ. ಅರ್ಧ ಜನ ಅತಿಥಿ ಉಪನ್ಯಾಸಕರು, ಅವರ ಮುಂದಿನ ವರ್ಷವೇ ಅವರಿಗೆ ಖಾತ್ರಿ ಇಲ್ಲ. ಫಿಸಿಕ್ಸ್‌ಗೆ ದಸರಾವರೆಗೂ ಯಾರೂ ಬಂದಿರಲಿಲ್ಲವಂತೆ. ಹಾಗಿದ್ದೂ ಆ ಹುಡುಗಿ ತೆಗೆದ ಅಂಕ ನೋಡಿ ನನಗೆ ನಾಚಿಕೆಯಾಯ್ತು (ನನ್ನ ಪಿಯುಸಿ ಅಂಕಪಟ್ಟಿ ಕೇಳಬೇಡಿ ದಯವಿಟ್ಟು :-) ).

ನಿಜವಾಗಿ ಹೊಟ್ಟೆ ಉರಿದದ್ದು ಅರ್ಜಿಯ ಪ್ರಿಂಟ್ ನೋಡಿದಾಗ. ಒಂದರಿಂದ ಏಳು ನಮ್ಮೂರ ಶಾಲೆ, ಎಂಟರಿಂದ ಹತ್ತು ಟೌನಿನ ಸರ್ಕಾರಿ ಹೈಸ್ಕೂಲು. ಗ್ರಾಮೀಣ ಕೋಟಾಕ್ಕೆ ಹತ್ತೂ ವರ್ಷ ಹಳ್ಳಿ ಶಾಲೆಯಲ್ಲೇ ಓದಿರಬೇಕು, ಹಾಗಾಗಿ ಅದು ಅವಳಿಗಿಲ್ಲ, ಸರಿ. ಆದರೆ ಹತ್ತೂ ವರ್ಷ ಕನ್ನಡ ಮಾಧ್ಯಮ. ಅದಕ್ಕೆ ಶೇ. 5ರ ಮೀಸಲಾತಿ ಇದೆ. ಅರ್ಜಿಯಲ್ಲಿ ಅಲ್ಲಿ "ಇಲ್ಲ" ಅಂತಿತ್ತು. ಅದನ್ನ ತಿದ್ದುವ ಗಡುವು ಮುಗಿದುಹೋಗಿತ್ತು.

"ಏನೇನೋ ಕೇಳ್ತಿತ್ತು ಮಾಮ, ಗೊತ್ತಾಗದ್ದಕ್ಕೆಲ್ಲ ಇಲ್ಲ ಅಂತ ಕೊಟ್ರು."

ಕನ್ನಡದಲ್ಲಿ ಓದಿದ ಮಗುವಿಗೆ ಅಂತಲೇ ಇಟ್ಟಿರುವ ಬಾಗಿಲು. ಅದು ಇದೆ ಅಂತ ಗೊತ್ತಿದ್ದೋರು ಅವಳ ಸುತ್ತ ಒಬ್ಬರೂ ಇಲ್ಲ. ಕನ್ನಡ ಉಳಿಸಿ ಅಂತ ನಾವಿಲ್ಲಿ ಪುಟಗಟ್ಟಲೆ ಬರೀತೀವಿ...

"ಎಲ್ಲಾ ಇಂಟರ್ನೆಟ್ಟಲ್ಲಿದೆಯಲ್ರೀ, ನೋಡ್ಕೋಬೇಕು" ಅಂತ ಒಬ್ಬ ಗೆಳೆಯ ವಾದ ಮಾಡಿದ. ಇದೆ, ನಿಜ. ಆದರೆ ಹುಡುಕೋಕೆ ಮೊದಲು ಏನನ್ನ ಹುಡುಕಬೇಕು ಅಂತ ಗೊತ್ತಿರಬೇಕಲ್ಲ! ಬೆಂಗಳೂರಿನ ನಮ್ಮ ಮಕ್ಕಳಿಗೆ ಅದನ್ನ ಹೇಳೋಕೆ ಅಪ್ಪ ಅಮ್ಮ ಇದ್ದಾರೆ, ಕೋಚಿಂಗ್‌ನೋರು ಇದ್ದಾರೆ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿದೆ. ಇವಳಿಗೆ ಇದ್ದದ್ದು ಸೈಬರ್ ಸೆಂಟರ್ ಒಂದೇ. ಇಷ್ಟಾಗಿ ಈ ಇಡೀ ಪ್ರಕ್ರಿಯೆಗೆ ಜನ ಕರೆಯೋದು "ಕೌನ್ಸೆಲಿಂಗ್" ಅಂತ!

ಗೊತ್ತಿದ್ದೋರು ಅನ್ನಿಸಿಕೊಂಡ ನಮ್ಮಂಥವರು ಫೋನಲ್ಲೇ ಕೊಡುವ ಸಲಹೆ ಇನ್ನೂ ಅಪಾಯ. ನನ್ನದೇ ಕಥೆ ಕೇಳಿ. 2022ರಲ್ಲಿ ಸಂಬಂಧದ ಹುಡುಗನೊಬ್ಬ ಮೊದಲ ಸುತ್ತಿನ ಸೀಟು ಬಂದಾಗ ಫೋನ್ ಮಾಡಿದ್ದ. ನಾನು ಮೀಟಿಂಗಿನಲ್ಲಿದ್ದೆ. "ಇನ್ನೊಂದು ರೌಂಡ್ ನೋಡೋ" ಅಂದು ಇಟ್ಟೆ. ಸೀಟು ಕೈಯಲ್ಲಿಟ್ಟುಕೊಂಡೇ ಇನ್ನೂ ಒಳ್ಳೆಯದಕ್ಕೆ ಮುಂದಿನ ಸುತ್ತಿಗೆ ಹೋಗೋದು ಚಾಯ್ಸ್ ಎರಡು. ಸಿಕ್ಕಿದ್ದನ್ನ ಬಿಟ್ಟು ಹೋಗೋದು ಚಾಯ್ಸ್ ಮೂರು. ಅವನು ಮೂರು ಒತ್ತಿದ. ಮುಂದಿನ ಸುತ್ತಿನಲ್ಲಿ ಅದಕ್ಕಿಂತ ಕೆಟ್ಟದ್ದು, ಇನ್ನೂ ದೂರದ್ದು ಬಂತು. ಅವನು ಇವತ್ತಿಗೂ ನನ್ನನ್ನ ಏನೂ ಅಂದಿಲ್ಲ. ಅನ್ನಬೇಕಿತ್ತು.

ಅದಕ್ಕೇ ಈ ಸಲ ಮಧ್ಯಾಹ್ನವೆಲ್ಲ ಅವರ ಮನೆ ಜಗಲಿ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೂತೆ. ಕಾಲೇಜು ಯಾವುದು ಅಂತ ಕೇಳೋದು ಬಿಟ್ಟು, ಎಲ್ಲಿ ಇರ್ತೀಯ, ದಿನಾ ಓಡಾಡ್ತೀಯಾ, ದುಡ್ಡೆಷ್ಟು ಅಂತ ಕೇಳಿದೆ. ಶಕ್ತಿ ಯೋಜನೆ ಬಂದ ಮೇಲೆ (2023ರ ಜೂನ್) ಹಾಸನಕ್ಕೆ ಅವಳ ಬಸ್ ಖರ್ಚು ಸೊನ್ನೆ. ಹಾಸ್ಟೆಲ್ ಬೇಡ. ಸರ್ಕಾರಿ ಕಾಲೇಜಿನ ಫೀಸೂ ಖಾಸಗಿಗಿಂತ ಕಡಿಮೆ. ಕೊಬ್ಬರಿ ಮಾರೋ ಮಾತು ಅಲ್ಲಿಗೆ ನಿಂತಿತು. ಹಾಸನದ್ದನ್ನ ಮೇಲಕ್ಕೆ ತಂದ್ವಿ, ಗುರುತೇ ಇಲ್ಲದ ಹತ್ತಾರು ಹೆಸರು ಕಿತ್ತು ಹಾಕಿದ್ವಿ.

ಎಲ್ಲಾ ಮುಗಿದ ಮೇಲೆ ಸುಮ್ಮನೆ ಕೇಳಿದೆ, "ಇಂಜಿನಿಯರಿಂಗೇ ಇಷ್ಟಾನಾ?"

ಅವಳು ಅಪ್ಪನ ಕಡೆ ಒಂದು ಸಲ ನೋಡಿದಳು. "ಮೇಷ್ಟ್ರಾಗ್ಬೇಕು ಅಂತಿತ್ತು ಮಾಮ. ಗಣಿತ ಹೇಳ್ಕೊಡಕ್ಕೆ."

ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪಿಯುಸಿ ಆದ ಮೇಲೆ ನೇರವಾಗಿ ಬಿ.ಎಸ್ಸಿ., ಬಿ.ಎಡ್. ಎರಡನ್ನೂ ಸೇರಿಸಿ ನಾಲ್ಕು ವರ್ಷದಲ್ಲಿ ಓದಬಹುದು. ಕೇಂದ್ರ ಸರ್ಕಾರದ ಸಂಸ್ಥೆ. ಪ್ರವೇಶ ಪರೀಕ್ಷೆ ಬೇರೆ ಇರುತ್ತೆ. ಹೇಳಿದೆ. ಹೇಳಬಾರದಿತ್ತೇನೋ.

"ಈಗ ಹಾಕ್ಬಹುದಾ ಮಾಮ?"

ಆ ವರ್ಷದ್ದು ಮುಗಿದಿತ್ತು.

ಈಗ ಹಾಸನಕ್ಕೆ ಹೋಗಿ ಬರ್ತಿದ್ದಾಳೆ. ಚೆನ್ನಾಗೇ ಓದ್ತಿದ್ದಾಳಂತೆ. ಪ್ರತಿ ಸರ್ಕಾರಿ ಪಿಯು ಕಾಲೇಜಿನಲ್ಲಿ ಒಬ್ಬ ಉಪನ್ಯಾಸಕರಿಗೆ ಇದೇ ಕೆಲಸ ಅಂತ ಕೊಟ್ಟು, ಅದಕ್ಕೆ ಅಷ್ಟು ಪಾಠ ಕಡಿಮೆ ಮಾಡಿ, ಡಿಸೆಂಬರಿನಿಂದಲೇ ಶುರು ಮಾಡಿಸಬೇಕು ಅಂತ ನನ್ನ ವಾದ. ಸರ್ಕಾರ ಮಾಡುವಾಗ ಮಾಡಲಿ. ನಾನು ಈ ಡಿಸೆಂಬರಿನಲ್ಲಿ ನಮ್ಮೂರ ಹತ್ತಿರದ ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರನ್ನ ಕೇಳೋಣ ಅಂತಿದ್ದೇನೆ, ಒಂದು ಶನಿವಾರ ಕೊಡ್ತಾರಾ ಅಂತ. ನಿಮ್ಮಲ್ಲಿ ಯಾರಾದರೂ ಹೀಗೆ ಹೋಗಿ ಮಾತಾಡಿದ್ದೀರಾ? ಮಕ್ಕಳು ಏನು ಕೇಳ್ತಾರೆ ಅಂತ ಮೊದಲೇ ಗೊತ್ತಿದ್ದರೆ ಒಳ್ಳೇದು.