ಹುಡುಗನ ಮೊಣಕೈಗೆ ಏನು ರೇಟು?

"ಛೇ, ನಿನ್ನೆಯೇ ಮಾರಿಬಿಡಬೇಕಿತ್ತು!"

ನ್ಯೂಜೆರ್ಸಿಯ ಮಗಳ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಹದಿಮೂರರ ಮೊಮ್ಮಗ ಹೀಗೆ ಹಲುಬಿದಾಗ ಶಾಲೆಯ ಹಳೇ ಪುಸ್ತಕದ ಮಾತೇನೋ ಅಂದುಕೊಂಡೆ. ಅಲ್ಲ. ಇಪ್ಪತ್ತು ವರ್ಷದ ಒಬ್ಬ ಬೇಸ್‌ಬಾಲ್ ಹುಡುಗನ ಮೊಣಕೈಯ ಲಿಗಮೆಂಟ್ ಹರಿದಿತ್ತು. ಅವನ ಚಿತ್ರವಿರುವ ಆರು ಕಾರ್ಡು ನಮ್ಮವನ ಡಬ್ಬಿಯಲ್ಲಿದ್ದವು. ರಾತ್ರಿ ಕಳೆದು ಬೆಳಗಾಗುವುದರೊಳಗೆ ಅವುಗಳ ಬೆಲೆ ನೆಲ ಕಚ್ಚಿತ್ತು.

"ಆ ಹುಡುಗ ಹೇಗಿದ್ದಾನಂತೆ?" ಎಂದೆ.

"ಯಾರಿಗೆ ಗೊತ್ತು ಅಜ್ಜಿ?"

ಅಂದಿನಿಂದ ಶುರುವಾದದ್ದು ನನ್ನ ಜಗಳ.

ಸಂಗ್ರಹದ ಹುಚ್ಚಿನ ಬಗ್ಗೆ ನನ್ನ ತಕರಾರಿಲ್ಲ. ನಾನೂ ಬೆಂಕಿಪೊಟ್ಟಣದ ಚಿತ್ರಗಳನ್ನು ನೋಟ್‌ಬುಕ್ಕಿಗೆ ಅಂಟಿಸಿಟ್ಟವಳೇ. ಹಿಂದೆ ಟಾಪ್ಸ್ ಕಂಪನಿಯವರು ಚೂಯಿಂಗ್ ಗಮ್ ಜೊತೆ ಈ ಕಾರ್ಡು ಕೊಡುತ್ತಿದ್ದರಂತೆ. ಮಕ್ಕಳು ಗಮ್ ಅಗಿದು, ಕಾರ್ಡನ್ನು ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಟರ್‌ರ್ ಎನಿಸಿಕೊಂಡು ಓಡಾಡುತ್ತಿದ್ದರಂತೆ. ಎಷ್ಟು ಚೆಂದ! ಈಗ ಗಮ್ಮೂ ಇಲ್ಲ, ಚಕ್ರವೂ ಇಲ್ಲ. ಕಾರ್ಡನ್ನು ಬೆರಳ ಗುರುತು ಬೀಳದಂತೆ ಎತ್ತಿ, ಅಂಚು ಸವೆದಿಲ್ಲವೆಂದು ಹತ್ತಕ್ಕೆ ಹತ್ತು ಅಂಕ ಬರೆಸಿ, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಡುತ್ತಾರೆ. ಅದೂ ಆಡಿ ಗೆದ್ದವರದಲ್ಲ, ಇನ್ನೂ ದೊಡ್ಡ ಮೈದಾನವನ್ನೇ ಕಾಣದ ಹುಡುಗರದ್ದು. ಬೋಮನ್ ಎಂಬ ಕಾರ್ಡುಗಳ ಹೆಸರು ನಿಂತಿರುವುದೇ ಇಂಥ ಹುಡುಗರ ಮೇಲೆ.

ಅದರಲ್ಲೂ ಪಿಚರ್, ಎಂದರೆ ನಮ್ಮ ಬೌಲರ್ ಇದ್ದ ಹಾಗೆ, ಚೆಂಡೆಸೆಯುವವನು. ಗಂಟೆಗೆ ನೂರು ಮೈಲಿ ವೇಗದಲ್ಲಿ ಎಸೆಯುವ ಹುಡುಗನೆಂದರೆ ಇವರಿಗೆ ಬಾಯಲ್ಲಿ ನೀರು. ದೇವರು ಕೊಟ್ಟ ಮೊಣಕೈ ಅಷ್ಟು ಸೆಳೆತಕ್ಕೆ ತಡೆದೀತೇ? 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಎಂಬುವರು ಟಾಮಿ ಜಾನ್ ಎಂಬ ಆಟಗಾರನ ಮುಂಗೈಯಿಂದ ಸ್ನಾಯುರಜ್ಜು ತೆಗೆದು ಮೊಣಕೈಗೆ ಹೊಲಿದರು. ಇಂದು ಆ ಆಪರೇಷನ್ನಿಗೆ ಆ ಆಟಗಾರನದೇ ಹೆಸರು, ಹದಿಹರೆಯದವರಿಗೂ ಅದು ನಡೆಯುತ್ತದೆ. 2024ರ ಡಿಸೆಂಬರಿನಲ್ಲಿ ಮೇಜರ್ ಲೀಗ್‌ನವರೇ ಹೊರತಂದ ವರದಿ ವೇಗದ ಬೆನ್ನುಹತ್ತಿದ್ದೇ ಈ ಗಾಯಗಳಿಗೆ ದೊಡ್ಡ ಕಾರಣವೆಂದಿದೆ. ಪಿಚರ್ ಹುಡುಗರ ಭವಿಷ್ಯವನ್ನು ನಂಬಬೇಡಿ ಎಂಬ ಮಾತು ಆ ಆಟದ ಪಂಡಿತರಲ್ಲಿ ಗಾದೆಯಾಗಿಬಿಟ್ಟಿದೆ. ಗೊತ್ತಿದ್ದೂ ಕೊಳ್ಳುತ್ತಾರೆ, ಮುರಿಯುವ ಮೊದಲು ಮಾರಿದರಾಯಿತು ಎಂದು!

"ಇದೊಂದು ಇನ್ವೆಸ್ಟ್‌ಮೆಂಟ್ ಅತ್ತೆ, ಹುಡುಗನಿಗೆ ದುಡ್ಡಿನ ವ್ಯವಹಾರ ತಿಳಿಯುತ್ತದೆ" ಎಂದರು ಅಳಿಯ. ಪಾಲ್ ಸ್ಕೀನ್ಸ್ ಎಂಬ ಪಿಚರ್‌ನ ಕಥೆ ಹೇಳಿದರು. 2024ರ ಕ್ರಿಸ್‌ಮಸ್‌ನಂದು ಹನ್ನೊಂದರ ಹುಡುಗನೊಬ್ಬನಿಗೆ ಪೊಟ್ಟಣದಲ್ಲಿ ಅವನ ಜಗತ್ತಿಗೊಂದೇ ಕಾರ್ಡು ಸಿಕ್ಕಿತು, ಮರುವರ್ಷ ಮಾರ್ಚಿನಲ್ಲಿ ಅದು 11 ಲಕ್ಷ 10 ಸಾವಿರ ಡಾಲರಿಗೆ ಹರಾಜಾಯಿತು. ನಿಜವೇ. ಆದರೆ 2024ರಲ್ಲಿ ಮೇಜರ್ ಲೀಗಿನ ಹೊಸಬನಿಗೆ ವರ್ಷಕ್ಕೆ ಕೊಡಲೇಬೇಕಿದ್ದ ಕನಿಷ್ಠ ಸಂಬಳ 7 ಲಕ್ಷ 40 ಸಾವಿರ. ಮನುಷ್ಯನ ವರ್ಷದ ದುಡಿಮೆಗಿಂತ ಅವನ ಚಿತ್ರದ ತುಂಡು ದುಬಾರಿ! ಸ್ಕೀನ್ಸ್‌ಗೆ ಸಹಿ ಹಾಕುವಾಗಲೇ ಕೋಟಿಯ ಹತ್ತಿರ ಸಿಕ್ಕಿತ್ತು, ಅವನ ಚಿಂತೆ ನನಗಿಲ್ಲ. ಕೆಳಗಿನ ಲೀಗುಗಳಲ್ಲಿ ಬಸ್ಸಿನಲ್ಲಿ ಊರೂರು ಅಲೆಯುವ ಹುಡುಗರಿದ್ದಾರಲ್ಲ, 2023ರ ಒಪ್ಪಂದದಲ್ಲಿ ಸಂಬಳ ಏರಿದ ಮೇಲೂ ಸಿಂಗಲ್ ಎ ಹಂತದಲ್ಲಿ ವರ್ಷಕ್ಕೆ ಸುಮಾರು 26 ಸಾವಿರ ಡಾಲರ್ ಅವರಿಗೆ. ಅಮೆರಿಕದ ಬಾಡಿಗೆ ಕಟ್ಟಿ ನೋಡಿದವರಿಗೆ ಅದೆಷ್ಟೆಂದು ಗೊತ್ತು.

ನನ್ನನ್ನು ಕಾಡುವುದು ಒಬ್ಬ ತಾಯಿ. ಬೆಟ್ಟಿ ಟೇಲರ್. ನಾರ್ತ್ ಕೆರೊಲಿನಾದ ಕಡಲ ತಡಿಯ ಬೋಫರ್ಟ್‌ನಲ್ಲಿ ಏಡಿ ಸುಲಿಯುವ ಕೆಲಸ ಆಕೆಗೆ, ಗಂಡ ಗಾರೆ ಕೆಲಸದವ. ಮಗ ಬ್ರಯನ್ ಎಡಗೈಯ ಎಸೆಗಾರ. 1991ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ ದೇಶದ ಹುಡುಗರಲ್ಲೆಲ್ಲ ಮೊದಲಿಗನಾಗಿ ಅವನನ್ನು ಆರಿಸಿತು. ಮೊದಲು ಹೇಳಿದ ಮೊತ್ತಕ್ಕೆ ತಾಯಿ ತಲೆಯಾಡಿಸಲಿಲ್ಲ. ಹಿಂದಿನ ವರ್ಷ ಟೆಕ್ಸಾಸಿನ ಬಿಳಿಯ ಹುಡುಗನಿಗೆ ಹನ್ನೆರಡು ಲಕ್ಷ ಕೊಟ್ಟಿರುವಾಗ ನನ್ನ ಕಪ್ಪು ಮಗನಿಗೇಕೆ ಕಡಿಮೆ ಎಂದು ಪಟ್ಟು ಹಿಡಿದಳು. ದುರಾಸೆಯ ಹೆಂಗಸು ಎಂದವರಿದ್ದರು. ಕೊನೆಗೆ 15 ಲಕ್ಷ 50 ಸಾವಿರ ಡಾಲರಿಗೆ ಒಪ್ಪಿಸಿಯೇ ಬಿಟ್ಟಳು, ಆವರೆಗೆ ಅಷ್ಟು ಯಾರಿಗೂ ಸಿಕ್ಕಿರಲಿಲ್ಲ. ಅತ್ತ ಅವನ ಕಾರ್ಡುಗಳು ಅಚ್ಚಾಗಿ ಜನ ಬಾಚಿಕೊಂಡರು. ಅವರಾರನ್ನೂ ದುರಾಸೆಯವರೆಂದು ಯಾರೂ ಅನ್ನಲಿಲ್ಲ, ಗಮನಿಸಿ! 1993ರ ಡಿಸೆಂಬರಿನಲ್ಲಿ ಸಹೋದರನ ಪರ ಜಗಳಕ್ಕೆ ಹೋಗಿ ಬ್ರಯನ್‌ನ ಎಡ ಭುಜ ಹರಿಯಿತು. ಮೇಜರ್ ಲೀಗಿನಲ್ಲಿ ಅವನು ಒಂದೇ ಒಂದು ಚೆಂಡೂ ಎಸೆಯಲಿಲ್ಲ. ಕೊನೆಗೆ ತಂದೆಯ ಜೊತೆ ಇಟ್ಟಿಗೆ ಕೆಲಸಕ್ಕೆ ಹೋದ. ಹೇಳಿ, ಆ ತಾಯಿ ಅಂದು ಸುಮ್ಮನಿದ್ದಿದ್ದರೆ?

ಮುರಿದವರೆಲ್ಲ ಮುಳುಗುವುದೂ ಇಲ್ಲ. 2010ರಲ್ಲಿ ಸ್ಟೀಫನ್ ಸ್ಟ್ರಾಸ್‌ಬರ್ಗ್ ಮೈದಾನಕ್ಕಿಳಿಯುವ ಮೊದಲೇ ಅವನದೊಂದು ಕಾರ್ಡು 16 ಸಾವಿರ ಡಾಲರಿಗೂ ಹೆಚ್ಚಿಗೆ ಹೋಯಿತು. ಅದೇ ವರ್ಷ ಮೊಣಕೈಗೆ ಕತ್ತರಿ ಬಿತ್ತು. 2019ರಲ್ಲಿ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರನೂ ಅವನೇ. ಆದರೆ ಒಂಬತ್ತು ವರ್ಷ ಕಾಯುವ ವ್ಯವಧಾನ ಯಾರಿಗಿದೆ? ನಮ್ಮ ಶಿವಮೊಗ್ಗದಲ್ಲೂ ರ‍್ಯಾಂಕ್ ಬಂದ ಮಕ್ಕಳ ಫೋಟೋ ಕೋಚಿಂಗ್ ಕ್ಲಾಸಿನ ಬೋರ್ಡಿಗೇರುತ್ತದೆ, ಮರುವರ್ಷ ಅದೇ ಬೋರ್ಡಿಗೆ ಬೇರೆ ಮುಖ. ಹಳೆಯ ಮುಖ ಎಲ್ಲಿ ಹೋಯಿತೆಂದು ಕೇಳಿದವರುಂಟೇ?

ಹುಟ್ಟುಹಬ್ಬಕ್ಕೆ ಕಾರ್ಡಿನ ಪೊಟ್ಟಣಕ್ಕೆಂದು ಕೊಡುತ್ತಿದ್ದ ಹಣ ನಿಲ್ಲಿಸಿದೆ. ಬದಲಿಗೆ ಬ್ರಿಜ್‌ವಾಟರ್‌ಗೆ ಕರೆದೊಯ್ದೆ, ಅಲ್ಲಿ ಯಾಂಕೀಸ್‌ನ ಕಿರಿಯರ ತಂಡ ಸಾಮರ್ಸೆಟ್ ಪೇಟ್ರಿಯಟ್ಸ್ ಆಡುತ್ತದೆ. ಮೀಸೆ ಸರಿಯಾಗಿ ಚಿಗುರದ ಪಿಚರ್ ಒಬ್ಬ ಸತತ ನಾಲ್ವರಿಗೆ ಗುರಿತಪ್ಪಿ ಎಸೆದು ತಲೆ ತಗ್ಗಿಸಿ ಹೊರಬಂದ. ಮೊಮ್ಮಗ ಎದ್ದು ನಿಂತು ಚಪ್ಪಾಳೆ ತಟ್ಟಿದ. ನನಗೆ ಕಣ್ಣು ತುಂಬಿತು.

ಕಾರಿನಲ್ಲಿ ಮೆಲ್ಲಗೆ ಅಂದ: "ಅಜ್ಜಿ, ಇವನ ಕಾರ್ಡು ಈಗ ತುಂಬಾ ಅಗ್ಗಕ್ಕೆ ಸಿಗುತ್ತೆ, ಗೊತ್ತಾ?"

ಜಗಳ ಇನ್ನೂ ನಡೆದಿದೆ. ಮಗಳು ನನ್ನ ಮೇಲೆಯೇ ಮುನಿಸಿಕೊಂಡಿದ್ದಾಳೆ.